ಹೊಸ ಹಲ್ಲು, ಮೊದಲ 800 ಕಿಲೋಮೀಟರ್

ನಮ್ಮ ಮನೆಯ ಕಿಟಕಿ ಕಟ್ಟೆಯ ಮೇಲೆ ಒಂದು ಪಿನಿಯನ್ ಇದೆ. ಜೀಪಿನ ಹಿಂದಿನ ಆಕ್ಸಲಿನ ಚಿಕ್ಕ ಗೇರು ಅದು, ಎಂಟು ಹಲ್ಲಿನದು. ಬಂದವರು ಸುಮ್ನೆ ಎತ್ತಿ ನೋಡುತ್ತಾರೆ, ಇಷ್ಟು ಭಾರವಾ ಅನ್ನುತ್ತಾರೆ, ವಾಪಸ್ ಇಡುತ್ತಾರೆ. ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಹಲ್ಲಿನ ಒಂದು ಮಗ್ಗುಲು ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ನೀಲಿ ತಿರುಗಿದೆ. ಆ ನೀಲಿಯ ಮಧ್ಯೆ ಸಣ್ಣ ಸಣ್ಣ ಗುಳಿ. ಬೆರಳು ಆಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಮಗ್ಗುಲು ಹೊಸದರ ಹಾಗೇ ಇದೆ.

ವಯಸ್ಸಾಗಿ ಸವೆದ ಹಲ್ಲು ಹೀಗಿರುವುದಿಲ್ಲ. ಮೂರು ವರ್ಷದ ಹಿಂದೆ ಹೊಸದಾಗಿ ಹಾಕಿಸಿದ್ದು ಇದು. ಹಾಕಿಸಿದ ಮಾರನೇ ದಿನವೇ ನಾನು ಇದನ್ನು ಕೊಂದೆ.

ಜೀಪಿನ ಒಳಗೆ ಕೈ ಹಾಕದವರಿಗೆ ಇದು ಏನು ಅಂತ ಹೇಳಬೇಕು. ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಗಾಡಿಯ ಉದ್ದಕ್ಕೆ ಮಲಗಿಕೊಂಡು ಸುತ್ತುತ್ತದೆ. ಚಕ್ರದ ಆಕ್ಸಲ್ ಇರುವುದು ಅಡ್ಡಕ್ಕೆ. ಆ ಉದ್ದದ ಸುತ್ತು ಅಡ್ಡಕ್ಕೆ ತಿರುಗುವುದು ಆಕ್ಸಲ್ ನಡುವೆ ಕುಂಬಳಕಾಯಿ ಕೂರಿಸಿದ ಹಾಗೆ ಕಾಣುತ್ತದಲ್ಲ, ಆ ಹೌಸಿಂಗ್ ಒಳಗೆ. ಅಲ್ಲಿ ಎರಡು ಗೇರು. ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. ನಮ್ಮ ಜೀಪಿನಲ್ಲಿ 8 ಹಲ್ಲು ಮತ್ತು 43 ಹಲ್ಲು. ಅಂದ್ರೆ ಶಾಫ್ಟ್ 5.38 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಈ ಲೆಕ್ಕಕ್ಕೆ ಒಂದು ಹಿನ್ನೆಲೆಯೂ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದು 4.88. ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ರೈತರಿಗೆ ಅಂತ ಅದೇ ಜೀಪನ್ನು ಸಿಜೆ-2ಎ ಹೆಸರಲ್ಲಿ ಬಿಟ್ಟಾಗ ಉಳುಮೆಗೂ ಎಳೆತಕ್ಕೂ ಬಲ ಸಾಲಲಿ ಅಂತ 5.38 ಹಾಕಿದರು. ಮಹೀಂದ್ರ ಇಲ್ಲಿ ಜೀಪ್ ಜೋಡಿಸಲು ಶುರು ಮಾಡಿದ್ದು 1940ರ ದಶಕದ ಕೊನೆಯಲ್ಲಿ. ಮಲೆನಾಡಿನ ತೋಟದ ಏರಿನಲ್ಲಿ ಹಳೇ ಜೀಪು ಇವತ್ತಿಗೂ ಮೂಟೆ ಹೊತ್ತು ಹತ್ತುತ್ತದೆ ಅಂದ್ರೆ ಅದಕ್ಕೆ ಈ ಗೇರಿನ ಅನುಪಾತ ದೊಡ್ಡ ಕಾರಣ.

ಮೂರು ವರ್ಷದ ಹಿಂದೆ ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಬದಲಾಯಿಸಿದ್ದು ಪೇಟೆಯ ಒಂದು ವರ್ಕ್‌ಶಾಪಿನಲ್ಲಿ. ಕೀ ಕೊಡುವಾಗ "ಆಯ್ತು ಸಾರ್, ಆರಾಮಾಗಿ ಓಡಿಸಿ" ಅಂದರು. ಮೊದಲ ದಿನಗಳಲ್ಲಿ ಹೇಗೆ ಓಡಿಸಬೇಕು ಅಂತ ಒಂದು ಮಾತು ಬರಲಿಲ್ಲ. ನಾನೂ ಕೇಳಲಿಲ್ಲ. ಆಗ ತೋಟದ ಮೇಲುಭಾಗದಲ್ಲಿ ನೀರಿನ ಟ್ಯಾಂಕ್ ಕಟ್ಟುತ್ತಿದ್ದೆವು. ಮಾರನೇ ಬೆಳಿಗ್ಗೆಯೇ ಒಂದು ಸಲಕ್ಕೆ ಹನ್ನೆರಡು ಚೀಲ ಸಿಮೆಂಟು ಹೇರಿ, ಲೋ ಗೇರಿನಲ್ಲಿ ಆ ಏರನ್ನು ಹತ್ತಿಸಿದೆ. ಚೀಲಕ್ಕೆ 50 ಕೆಜಿ ಅಂದ್ರೆ 600 ಕೆಜಿ. ಸಂಜೆವರೆಗೆ ಆರು ಟ್ರಿಪ್. ಕೊನೇ ಟ್ರಿಪ್ಪಿನಲ್ಲಿ ಹಿಂದಿನಿಂದ ಗಂಧಕ ಸುಟ್ಟ ಹಾಗೆ ಒಂದು ವಾಸನೆ ಬಂತು. ಬ್ರೇಕ್ ಇರಬೇಕು ಅಂದುಕೊಂಡೆ. ಎರಡು ತಿಂಗಳಾದ ಮೇಲೆ ಗಾಡಿ 40ರ ವೇಗ ಮುಟ್ಟಿದಾಗೆಲ್ಲ ಗುಂಯ್ ಅಂತ ಒಂದು ಅಳು ಶುರುವಾಯಿತು. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಬರುತ್ತಿತ್ತು. ಹೋದ ಶ್ರಾವಣದಲ್ಲಿ ಅದು ಪೂರ್ತಿ ಕೈಕೊಟ್ಟಿತು.

ಆಗ ನಮ್ಮೂರಿನ ಮೇಸ್ತ್ರಿಯ ಹತ್ತಿರ ಹೋದೆ. ರಸ್ತೆ ಪಕ್ಕದ ಶೀಟಿನ ಗ್ಯಾರೇಜು. ಅವರು ಹಳೇ ಪಿನಿಯನ್ ಹೊರಗೆ ತೆಗೆದು, ಬಟ್ಟೆಯಲ್ಲಿ ಒರೆಸಿ, ನನ್ನ ಕೈಗೆ ಕೊಟ್ಟು ಒಂದೇ ಮಾತು ಕೇಳಿದರು. "ಹಾಕಿದ ಮೇಲೆ ತಣ್ಣಗಾಗಲಿಕ್ಕೆ ಬಿಟ್ಟಿದ್ರಾ?"

ಬಿಟ್ಟಿರಲಿಲ್ಲ.

ತೋಟದಲ್ಲಿ ಕೆಲಸ ಮಾಡುವ ಯಾರಿಗಾದರೂ ಆ ನೀಲಿ ಬಣ್ಣ ತೋರಿಸಿದರೆ ಅರ್ಥವಾಗುತ್ತದೆ. ಕತ್ತಿಯನ್ನು ಕರೆಂಟಿನ ಗ್ರೈಂಡರಿಗೆ ಕೊಟ್ಟು ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಅಂಚು ನೀಲಿಯಾಗುತ್ತದೆ. ಆ ಕತ್ತಿ ಆಮೇಲೆ ಹರಿತ ನಿಲ್ಲಿಸುವುದಿಲ್ಲ. ಹದ ಹೋಯಿತು ಅಂತೇವೆ. ಉಕ್ಕು ಸುಮಾರು 300 ಡಿಗ್ರಿ ಮುಟ್ಟಿದರೆ ಬರುವ ಬಣ್ಣ ಅದು. ಗೇರಿನ ಹಲ್ಲಿಗೂ ಕತ್ತಿಯ ಹಾಗೇ ಹದ ಹಾಕಿರುತ್ತಾರೆ. ಮೇಲಿನ ಪದರಕ್ಕೆ ಇಂಗಾಲ ಕುಡಿಸಿ ಗಾಜಿನಷ್ಟು ಗಟ್ಟಿ ಮಾಡುತ್ತಾರೆ. ಒಳಗಿನ ತಿರುಳನ್ನು ಹೊಡೆತ ತಾಳುವ ಹಾಗೆ ಸ್ವಲ್ಪ ಮೆದುವಾಗಿ ಬಿಡುತ್ತಾರೆ. ಮೇಲಿನ ಆ ತೆಳು ಪದರದ ಹದ ಹೋದರೆ ಹಲ್ಲು ಹಲ್ಲಾಗಿ ಉಳಿಯುವುದಿಲ್ಲ. ಮೊದಲು ಗುಳಿ ಬೀಳುತ್ತದೆ, ಆಮೇಲೆ ಚಕ್ಕೆ ಏಳುತ್ತದೆ.

ಹೊಸ ಗೇರು ಇಷ್ಟು ಬಿಸಿಯಾಗುವುದೇಕೆ? ಫ್ಯಾಕ್ಟರಿಯಲ್ಲಿ ಈ ಎರಡನ್ನೂ ಜೋಡಿ ಮಾಡಿ, ಮಧ್ಯೆ ಉಜ್ಜುವ ಪೇಸ್ಟ್ ಹಾಕಿ, ತಿರುಗಿಸಿಯೇ ಕಳಿಸುತ್ತಾರೆ. ಆದರೂ ಹಲ್ಲಿನ ಮೈ ಮೇಲೆ ಕಣ್ಣಿಗೆ ಕಾಣದ ಏರುತಗ್ಗು ಉಳಿದಿರುತ್ತದೆ. ಅದು ಕಾಫಿ ಗಿಡದ ಎಲೆಯ ಹಾಗೆ. ದೂರಕ್ಕೆ ನುಣ್ಣಗೆ ಹೊಳೆಯುತ್ತದೆ, ಹತ್ತಿರ ಹಿಡಿದರೆ ಅಲೆ ಅಲೆ. ಭಾರವೆಲ್ಲ ಮೊದಲು ಆ ಏರುಗಳ ತುದಿಯ ಮೇಲೆ ಬೀಳುತ್ತದೆ. ಇನ್ನೊಂದು ವಿಷಯವೂ ಇದೆ. ಜೀಪಿನ ಗೇರು ಹೈಪಾಯ್ಡ್ ಜಾತಿಯದು. ಪಿನಿಯನ್ ಕ್ರೌನಿನ ಮಧ್ಯಕ್ಕೆ ಸರಿಯಾಗಿ ಕೂರದೆ ಸ್ವಲ್ಪ ಕೆಳಗೆ ಕೂರುತ್ತದೆ. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಿಗೆ ಇದನ್ನು ಹಾಕಿದಾಗ ಸಿಕ್ಕ ಲಾಭ ಏನಂದ್ರೆ ಪ್ರೊಪೆಲ್ಲರ್ ಶಾಫ್ಟ್ ಕೆಳಗಿಳಿದು ಕಾರಿನ ನೆಲವೂ ತಗ್ಗಾಯಿತು. ಹಲ್ಲೂ ಗಟ್ಟಿ, ಸದ್ದೂ ಕಮ್ಮಿ. ಆದರೆ ಹಲ್ಲು ಹಲ್ಲಿನ ಮೇಲೆ ಉರುಳುವುದರ ಜೊತೆಗೆ ಜಾರುತ್ತದೆ. ಜಾರಿದರೆ ಶಾಖ. ಅದಕ್ಕೇ ಇಲ್ಲಿಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆಯೇ ಆಗಬೇಕು. ಅದರಲ್ಲಿರುವ ಗಂಧಕ, ರಂಜಕದ ಅಂಶ ಹಲ್ಲಿನ ಬಿಸಿ ಮೈ ಜೊತೆ ಸೇರಿ ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಉಕ್ಕು ಉಕ್ಕಿಗೆ ನೇರ ತಾಗದ ಹಾಗೆ ಕಾಯುತ್ತದೆ.

ಅಂದ್ರೆ ಹಲ್ಲಿಗೆ ಸ್ವಲ್ಪ ಬಿಸಿ ಬೇಕು, ಜಾಸ್ತಿ ಆಗಬಾರದು. ಅಮ್ಮ ಹೊಸ ದೋಸೆ ಕಾವಲಿ ಪಳಗಿಸುವುದು ಹೀಗೇ ಅಲ್ವಾ. ಎಣ್ಣೆ ಸವರಿ, ಅರ್ಧ ಈರುಳ್ಳಿಯಲ್ಲಿ ಉಜ್ಜಿ, ಕಾಯಿಸಿ, ಇಳಿಸಿ, ಆರಲು ಬಿಟ್ಟು, ಮತ್ತೆ ಎಣ್ಣೆ ಸವರುತ್ತಾರೆ. ಎರಡು ಮೂರು ದಿನ ಅದರ ಮೇಲೆ ದೋಸೆ ಹೊಯ್ಯುವುದಿಲ್ಲ. ಅವಸರ ಮಾಡಿ ಉರಿ ಜೋರು ಮಾಡಿದರೆ ಕಾವಲಿ ಕೆಡುತ್ತದೆ. ಪಳಗಿಸುವುದು ಅಂದ್ರೆ ಓಡಿಸುವುದು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಹೊಸ ಬೈಕ್ ತಗೊಂಡವರಿಗೆ ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಓಡಿಸಬೇಡ ಅಂತ ಹೇಳುತ್ತಾರಲ್ಲ, ಅಷ್ಟೇ ಅಂತ. ಅಮ್ಮ ಕಾವಲಿ ಆರಲು ಬಿಡುತ್ತಿದ್ದುದನ್ನು ಕಣ್ಣಾರೆ ನೋಡಿದ್ದೆ, ಗಾಡಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ.

ಹೊಸ ಜೋಡಿ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಈ ಸಲ ಹಿಂದಿನದರ ಜೊತೆ ಮುಂದಿನ ಆಕ್ಸಲಿಗೂ ತಂದೆ. ಎರಡರ ಅನುಪಾತ ಒಂದೇ ಇರಬೇಕು, ಇಲ್ಲದಿದ್ದರೆ ಫೋರ್ ವೀಲ್, ಅಂದ್ರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗೇರು, ಹಾಕಿದ ಕೂಡಲೇ ಮುಂದಿನದೂ ಹಿಂದಿನದೂ ಒಂದನ್ನೊಂದು ಎಳೆದಾಡುತ್ತವೆ. ಮೇಸ್ತ್ರಿ ಹೇಳಿ ಕಳಿಸಿದ್ದು ಒಂದೇ. ಕ್ರೌನಿನ ಅಂಚಿನ ಮೇಲೆ ಒಂದು ನಂಬರ್ ಕೊರೆದಿರುತ್ತದೆ, ಪಿನಿಯನ್ ತಲೆ ಮೇಲೂ ಅದೇ ನಂಬರ್ ಇರಬೇಕು. ಜೊತೆಯಲ್ಲಿ ಉಜ್ಜಿಸಿಕೊಂಡ ಜೋಡಿ ಅದು. ಒಂದು ಡಬ್ಬದ ಪಿನಿಯನ್, ಇನ್ನೊಂದು ಡಬ್ಬದ ಕ್ರೌನ್ ಸೇರಿಸಿದರೆ ಆಯುಷ್ಯ ಪೂರ್ತಿ ಸದ್ದು. ಅಂಗಡಿಯ ಕೌಂಟರ್ ಮೇಲೇ ಡಬ್ಬ ಬಿಚ್ಚಿ, ಗ್ರೀಸ್ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನಂಬರ್ ನೋಡಿಕೊಂಡೆ. ಎರಡು ಜೋಡಿಯನ್ನೂ.

ಕೂರಿಸುವ ಕೆಲಸ ಎರಡು ದಿನ ಹಿಡಿಯಿತು. ಮೊದಲ ದಿನ ಬಹುಪಾಲು ಶಿಮ್ ಆಟವೇ. ಶಿಮ್ ಅಂದ್ರೆ ಕಾಗದದಷ್ಟು ತೆಳುವಾದ ಉಕ್ಕಿನ ಬಳೆ. ಅದನ್ನು ಹಾಕಿ ತೆಗೆದು ಪಿನಿಯನ್ ಎಷ್ಟು ಒಳಗೆ ಕೂರಬೇಕು ಅಂತ ಸರಿಮಾಡುತ್ತಾರೆ. 0.05 ಮಿಲಿಮೀಟರ್ ದಪ್ಪದ ಒಂದು ಶಿಮ್ ಹೆಚ್ಚುಕಮ್ಮಿಯಾದರೂ ಹಲ್ಲು ಕೂರುವ ಜಾಗ ಬದಲಾಗುತ್ತದೆ. ಆಮೇಲೆ ಡಯಲ್ ಗೇಜ್ ಇಟ್ಟು ಎರಡು ಹಲ್ಲಿನ ಮಧ್ಯದ ಆಟ ಅಳೆದರು. ಅದಕ್ಕೆ ಬ್ಯಾಕ್‌ಲ್ಯಾಶ್ ಅಂತಾರೆ. 0.15ರಿಂದ 0.20 ಮಿಲಿಮೀಟರ್ ಒಳಗೆ ಬರುವ ತನಕ ಬಿಚ್ಚಿದರು, ಕೂರಿಸಿದರು. ಏಳು ಸಲ ಬಿಚ್ಚಿದ್ದನ್ನು ನಾನು ಎಣಿಸಿದೆ.

ಕೊನೆಗೆ ಕ್ರೌನಿನ ನಾಲ್ಕೈದು ಹಲ್ಲಿಗೆ ಬ್ರಷ್‌ನಲ್ಲಿ ಹಳದಿ ಪೇಸ್ಟ್ ಸವರಿದರು. ಕ್ರೌನನ್ನು ಒಂದು ಕೈಯಲ್ಲಿ ತಡೆದು ಹಿಡಿದು, ಇನ್ನೊಂದು ಕೈಯಲ್ಲಿ ಪಿನಿಯನ್ ತಿರುಗಿಸಿದರು. ಪಿನಿಯನ್ ತಾಗಿದ ಕಡೆ ಪೇಸ್ಟ್ ಸರಿದು ಉಕ್ಕಿನ ಬಣ್ಣ ಕಾಣುತ್ತದೆ. ಸಣ್ಣ ಬಾದಾಮಿಯ ಆಕಾರದ ಗುರುತು. ಅದು ಹಲ್ಲಿನ ಮಧ್ಯೆ, ಒಂಚೂರು ಒಳತುದಿಯ ಕಡೆಗೆ ಬಿದ್ದಿತ್ತು. ಮೇಸ್ತ್ರಿ ಬಹಳ ಹೊತ್ತು ಅದನ್ನೇ ನೋಡಿದರು. ಭಾರ ಬಿದ್ದಾಗ ಆ ಗುರುತು ಹೊರತುದಿಯ ಕಡೆ ಸರಿಯುತ್ತದೆ, ಅದಕ್ಕೆ ಈಗಲೇ ಅಷ್ಟು ಜಾಗ ಬಿಟ್ಟಿರಬೇಕು ಅಂದರು. ಆ ಬಾದಾಮಿಯ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಜೀಪಿನ ಬೇರೆ ಯಾವ ಫೋಟೋಕ್ಕಿಂತಲೂ ನನಗೆ ಅದು ಇಷ್ಟ.

ಎಣ್ಣೆ ಹಿಂದಿನ ಆಕ್ಸಲಿಗೆ ಒಂದು ಲೀಟರ್‌ಗಿಂತ ಚೂರು ಜಾಸ್ತಿ ಹಿಡಿಯಿತು. ಸಿಂಥೆಟಿಕ್ ಹಾಕೋಣ್ವಾ ಅಂತ ಕೇಳಿದೆ. ಈಗ ಬೇಡ, ಸಾದಾ 80ಡಬ್ಲ್ಯು-90 ಎಣ್ಣೆ ಸಾಕು, ಹೇಗೂ 800 ಕಿಲೋಮೀಟರಿಗೆ ಚೆಲ್ಲಬೇಕು ಅಂದರು. ಅಲ್ಲಿಯವರೆಗೆ ಹೇರು ಬೇಡ, ಸ್ವಲ್ಪ ಓಡಿಸಿ ಆರಲು ಬಿಡಿ ಅಂತಲೂ ಹೇಳಿದರು.

ಮೊದಲ ಓಟ ಕೊಟ್ಟಿಗೆಹಾರದ ಕಡೆಗೆ. ಹೋಗಿ ಬಂದರೆ 25 ಕಿಲೋಮೀಟರ್ ಆಗುವ ಕಡೆ ತಿರುಗಿಸಿಕೊಳ್ಳುವುದು ಅಂತ ಮೊದಲೇ ಲೆಕ್ಕ. ಹೇರು ಇಲ್ಲ, ನಾನೊಬ್ಬನೇ. ವೇಗ 40, 45. ಒಂದೇ ವೇಗದಲ್ಲಿ ಎಳೆಯದೆ ಸ್ವಲ್ಪ ಏರಿಸಿ, ಬಿಟ್ಟು, ಮತ್ತೆ ಏರಿಸಿ. ಆಕ್ಸಿಲರೇಟರ್ ಒತ್ತಿದಾಗ ಹಲ್ಲಿನ ಒಂದು ಮಗ್ಗುಲು ಕೆಲಸ ಮಾಡುತ್ತದೆ, ಬಿಟ್ಟಾಗ ಇನ್ನೊಂದು ಮಗ್ಗುಲು. ಎರಡೂ ಪಳಗಬೇಕು. ಚಾರ್ಮಾಡಿ ಘಾಟಿಗೆ ಇಳಿಯುವ ಯೋಚನೆ ಬಿಟ್ಟೆ. ಹೊಸ ಹಲ್ಲಿಗೆ ಅಷ್ಟು ಉದ್ದದ ಏರು ಒಳ್ಳೆಯದಲ್ಲ. ಇಂಜಿನ್ ಹಿಡಿತದಲ್ಲಿ ಅಷ್ಟು ಉದ್ದ ಇಳಿಯುವುದೂ ಅಷ್ಟೇ.

ಓಡಿಸುತ್ತ ಒಂದು ಲೆಕ್ಕ ಮನಸ್ಸಿಗೆ ಬಂತು. 8 ಮತ್ತು 43, ಒಂದು ಬಿಟ್ಟರೆ ಬೇರೆ ಯಾವ ಸಂಖ್ಯೆಯೂ ಈ ಎರಡನ್ನೂ ಭಾಗಿಸುವುದಿಲ್ಲ. ಹಾಗಾಗಿ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ತಾಗಲೇಬೇಕು. ಅದಕ್ಕೆ ಪಿನಿಯನ್ 43 ಸುತ್ತು ಬರಬೇಕು, ಅಂದ್ರೆ ಚಕ್ರ 8 ಸುತ್ತು. ನಮ್ಮ 6.00-16 ಟೈರಿನ ಲೆಕ್ಕದಲ್ಲಿ ಸುಮಾರು 18 ಮೀಟರ್. ನಮ್ಮ ಅಂಗಳದಿಂದ ಗೇಟಿನವರೆಗೆ ಬರುವಷ್ಟರಲ್ಲಿ ಎಲ್ಲಾ ಹಲ್ಲಿಗೂ ಎಲ್ಲಾ ಹಲ್ಲಿನ ಪರಿಚಯ ಆಗಿಬಿಟ್ಟಿರುತ್ತದೆ. 25 ಕಿಲೋಮೀಟರಿನಲ್ಲಿ ಆ ಪರಿಚಯ ಸಾವಿರದ ಮುನ್ನೂರು ಸಲಕ್ಕೂ ಮೇಲೆ. ಒಂದೊಂದು ಸಲವೂ ಒಂದೊಂದು ಕಣ ಏರು ಸವೆದು ನುಣ್ಣಗಾಗುತ್ತಿದೆ ಅಂತ ಅಂದುಕೊಂಡಾಗ ಸ್ಟೀರಿಂಗ್ ಹಿಡಿದ ಕೈ ತಾನಾಗಿ ಹಗುರವಾಯಿತು.

ಮನೆಗೆ ಬರುವ ಮೊದಲು ಒಂದು ಹಳ್ಳ ದಾಟಬೇಕು. ಮೊಣಕಾಲ ತನಕ ನೀರು. ಹಳ್ಳದ ಈಚೆ ದಡದಲ್ಲೇ ಇಂಜಿನ್ ಆಫ್ ಮಾಡಿ ಇಳಿದೆ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಬೇರಿಂಗು ತುಕ್ಕು ಹಿಡಿಯುತ್ತದೆ. ಮಲೆನಾಡಿನ ಜೀಪುಗಳ ಹಿಂದಿನ ಆಕ್ಸಲ್ ಹಾಳಾಗುವುದಕ್ಕೆ ಹೇರಿನಷ್ಟೇ ಇದೂ ಕಾರಣ ಅಂತ ನನ್ನ ನಂಬಿಕೆ. ಬ್ರೀದರ್ ಬಿಚ್ಚಿ ಊದಿ ನೋಡುವವರು ಕಮ್ಮಿ.

ಕೆಳಗೆ ತೂರಿ ಹೌಸಿಂಗ್ ಮೇಲೆ ಅಂಗೈ ಇಟ್ಟೆ. ಮೂರು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ಹೇರಿಲ್ಲದೆ, ಸಮ ರಸ್ತೆಯಲ್ಲಿ, 45ರ ಮೇಲೆ ಹೋಗದೆ ಇಷ್ಟು ಬಿಸಿ. ಹಾಗಿದ್ದರೆ ಮೂರು ವರ್ಷದ ಹಿಂದೆ ಆ ಆರು ಟ್ರಿಪ್ ಸಿಮೆಂಟಿನ ದಿನ ಒಳಗೆ ಏನಾಗಿರಬೇಕು? ಹಳ್ಳದ ದಡದಲ್ಲಿ ಕಲ್ಲಿನ ಮೇಲೆ ಕೂತಾಗ ನನ್ನ ಹೊಟ್ಟೆ ತೊಳೆಸಿದ ಹಾಗಾಯಿತು. ಅವತ್ತು ಆ ವಾಸನೆ ಬಂದಿತ್ತು. ಗಾಡಿ ತನಗಾಗುವ ರೀತಿಯಲ್ಲಿ ಹೇಳಿತ್ತು. ಇಳಿದು ಒಂದು ಸಲ ಕೈ ಇಟ್ಟಿದ್ದರೆ ಸಾಕಿತ್ತು.

ಅರ್ಧ ಗಂಟೆ ಕೂತೆ. ಮಳೆ ನಿಂತ ಮೇಲಿನ ಹಳ್ಳದ ಸದ್ದು, ದೂರದಲ್ಲಿ ಯಾರದೋ ತೋಟದಲ್ಲಿ ನೆರಳು ಮರದ ಕೊಂಬೆ ಸವರಿ ಮರಗಸಿ ಮಾಡುವ ಕತ್ತಿಯ ಟಕ್ ಟಕ್. ಮತ್ತೆ ಕೈ ಇಟ್ಟಾಗ ಬೆಚ್ಚಗೆ, ಹಸುವಿನ ಮೈ ಮುಟ್ಟಿದ ಹಾಗಿತ್ತು. ಆಮೇಲೆ ಹಳ್ಳ ದಾಟಿದೆ.

ಅವತ್ತು ಸಂಜೆ ಇನ್ನೊಂದು ಓಟ, ಮಾರನೇ ದಿನ ಎರಡು. ಪ್ರತಿ ಸಲವೂ ಹಳ್ಳದ ದಡದಲ್ಲಿ ನಿಂತು, ಕೈ ಇಟ್ಟು, ಎಣಿಸಿ, ಒಂದು ಹಳೇ ಡೈರಿಯಲ್ಲಿ ಬರೆದೆ. ಮೂರು. ಮೂರು. ನಾಲ್ಕು. ಐದು. ಒಂದು ವಾರ ಆಗುವ ಹೊತ್ತಿಗೆ ಹತ್ತರ ತನಕ ಕೈ ಇಡಬಹುದಿತ್ತು. ಥರ್ಮಾಮೀಟರ್ ಗನ್ ಇದ್ದರೆ ಇನ್ನೂ ಸರಿಯಾದ ಲೆಕ್ಕ ಸಿಗುತ್ತಿತ್ತು. ಆದರೆ ಅಂಗೈ ಹೇಳಿದ್ದೇ ನನಗೆ ಸಾಕಾಯಿತು. ಒಳಗಿನ ಏರುತಗ್ಗು ಕರಗುತ್ತಿದೆ, ಜಾರುವಾಗಿನ ಜಗಳ ಕಮ್ಮಿಯಾಗುತ್ತಿದೆ ಅಂತ ಅದು ದಿನಾ ತಿಳಿಸುತ್ತಿತ್ತು.

ಮುಂದಿನ ಆಕ್ಸಲಿನ ಕತೆ ಬೇರೆ. ಫೋರ್ ವೀಲ್ ಹಾಕದೇ ಇದ್ದಾಗಲೂ ಚಕ್ರದ ಜೊತೆ ಅದರ ಹಲ್ಲು ತಿರುಗುತ್ತದೆ, ಆದರೆ ಅದರ ಮೇಲೆ ಭಾರ ಇರುವುದಿಲ್ಲ. ಭಾರ ಇಲ್ಲದೆ ಸಾವಿರ ಕಿಲೋಮೀಟರ್ ತಿರುಗಿದರೂ ಪಳಗಿದ ಹಾಗಲ್ಲ. ಹಾಗಂತ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ಓಡಿಸುವಂತಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗುತ್ತದೆ, ಹಿಂದಿನದು ಕಮ್ಮಿ. ಚಕ್ರಕ್ಕೆ ಜಾರಲು ಜಾಗ ಸಿಗದೆ ಒಳಗಿನ ಗೇರುಗಳೆಲ್ಲ ಬಿಗಿದುಕೊಳ್ಳುತ್ತವೆ. ಇನ್ನೂ ಒಂದು ಸೂಕ್ಷ್ಮ ಇದೆ, ಮೇಸ್ತ್ರಿ ಹೇಳುವ ತನಕ ನನಗೆ ಗೊತ್ತಿರಲಿಲ್ಲ. ನಮ್ಮ ಜೀಪಿನಂಥ ಗಾಡಿಯಲ್ಲಿ ಮುಂದಿನ ಆಕ್ಸಲ್ ಅಂದ್ರೆ ಹಿಂದಿನದನ್ನೇ ತಿರುಗಿಸಿ ಕೂರಿಸಿದ ಹಾಗೆ. ಹಾಗಾಗಿ ಹಿಂದಿನದರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಕೆಲಸ ಮಾಡುವ ಮಗ್ಗುಲೇ ಮುಂದಿನದರಲ್ಲಿ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ. ಆ ಮಗ್ಗುಲಿಗೆ ಬಲ ಕಮ್ಮಿ. ಬಂಡೆಗೆ ಸಿಕ್ಕಿಕೊಂಡಾಗ ಫೋರ್ ವೀಲ್ ಹಾಕಿ ಧಡ್ ಅಂತ ಕ್ಲಚ್ ಬಿಡುವವರು ಇದನ್ನು ತಿಳಿದುಕೊಳ್ಳಬೇಕು.

ಅದಕ್ಕೆ ಮುಂದಿನದನ್ನು ಪಳಗಿಸಿದ್ದು ತೋಟದ ಕೆಸರು ದಾರಿಯಲ್ಲಿ. ದಿನಾ ಹಾಲು ಕೊಡಲು ಹೋಗುವಾಗ ಎರಡು ಕಿಲೋಮೀಟರ್ ಮಣ್ಣಿನ ರಸ್ತೆ. ಅಲ್ಲಿ ಫೋರ್ ವೀಲ್, ಹೈ ಗೇರು, ನಿಧಾನ. ಅದು ಪೂರ್ತಿ ಪಳಗಲು ತಿಂಗಳುಗಟ್ಟಲೆ ಬೇಕಾಯಿತು.

ಇಷ್ಟರಲ್ಲಿ ಕಾಫಿ ಕುಯ್ಲು ಬಂತು. ಅಂಗಳದಲ್ಲಿ ಮೂಟೆ, ಮೇಲಿನ ತೋಟದಲ್ಲಿ ಹಣ್ಣು, ಮನೆ ಮುಂದೆ ಜೀಪು. ಆದರೂ ಹೇರಲಿಲ್ಲ. ಇದಕ್ಕೆ ಮನೆಯಲ್ಲಿ ಮಾತು ಬಂತು. ಗುಡ್ಡ ಹತ್ತಲಿ ಅಂತಲೇ ಇಷ್ಟು ದುಡ್ಡು ಹಾಕಿದ್ದು, ಈಗ ಪಕ್ಕದ ಮನೆಯ ಪಿಕಪ್ ಬಾಡಿಗೆಗೆ ಕರೆಯುವುದು ಯಾಕೆ ಅಂತ. ಕೇಳಿದ್ದು ತಪ್ಪಲ್ಲ. ನಾನು ಕಿಟಕಿ ಕಟ್ಟೆಯಿಂದ ಆ ನೀಲಿ ಪಿನಿಯನ್ ತಂದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಹಲ್ಲು ನೋಡಿದರು. ಹಿಂದೆ ಮನೆಯಲ್ಲಿ ಎತ್ತು ಇದ್ದ ಕಾಲದ ಮಾತು ತೆಗೆದರು. ಹೋರಿಗೆ ಮೊದಲ ಸಲ ನೊಗ ಹೂಡಿದಾಗ ಬರೀ ಕೊರಡು ಎಳೆಸುತ್ತಿದ್ದರಂತೆ. ಅದೂ ಬೆಳಿಗ್ಗೆ ಒಂದು ಸಾಲು, ಆಮೇಲೆ ನೆರಳಲ್ಲಿ ಕಟ್ಟುವುದು. ಭುಜ ಬಿಸಿಯಾಗಿದೆಯಾ ಅಂತ ಕೈ ಇಟ್ಟು ನೋಡುತ್ತಿದ್ದರಂತೆ. ಭುಜ ಒಂದು ಸಲ ಹುಣ್ಣಾದರೆ ಆ ಹೋರಿ ಆಮೇಲೆ ನೊಗ ಕಂಡರೆ ಮಲಗಿಬಿಡುತ್ತದೆ ಅಂದರು. ಪಿಕಪ್ಪಿನ ಮಾತು ಮತ್ತೆ ಬರಲಿಲ್ಲ.

800 ಕಿಲೋಮೀಟರ್ ಆದದ್ದು ಡಿಸೆಂಬರಿನಲ್ಲಿ. ಗಾಡಿ ಬೆಚ್ಚಗಿರುವಾಗಲೇ ಮೇಸ್ತ್ರಿ ಡ್ರೈನ್ ನಟ್ ಬಿಚ್ಚಿದರು. ಎಣ್ಣೆ ಹಳೇ ಬೇಸಿನ್ನಿಗೆ ಇಳಿಯಿತು. ಹಾಕಿದಾಗ ಜೇನಿನ ಬಣ್ಣ, ಈಗ ಬೂದಿ ಕಲಸಿದ ಹಾಗೆ. ಬಿಸಿಲಿಗೆ ಹಿಡಿದರೆ ಒಳಗೆ ಬೆಳ್ಳಿ ಪುಡಿಯಂಥ ಮಿಣುಕು. ನಟ್ಟಿನ ತುದಿಯ ಅಯಸ್ಕಾಂತಕ್ಕೆ ಕಾಡಿಗೆಯಂಥ ಮುದ್ದೆ ಅಂಟಿತ್ತು. ಅವರು ಅದನ್ನು ಹೆಬ್ಬೆರಳಲ್ಲಿ ತೆಗೆದು ತೋರುಬೆರಳಿನ ಜೊತೆ ಉಜ್ಜಿದರು. ನನಗೂ ಉಜ್ಜಿ ನೋಡಲು ಹೇಳಿದರು. ಬೆಣ್ಣೆಯಷ್ಟು ನುಣುಪು. ಒಂದು ಹರಳೂ ಕೈಗೆ ಹತ್ತಲಿಲ್ಲ. ಚೂರು ಸಿಕ್ಕಿದ್ದರೆ ಮತ್ತೆ ಹೌಸಿಂಗ್ ಬಿಚ್ಚಬೇಕಿತ್ತು. ಇದು ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಬಿಟ್ಟುಕೊಟ್ಟದ್ದು, ಚೆಲ್ಲಿಬಿಡಿ ಅಂದರು. ಹೊಸ ಎಣ್ಣೆ ಹಾಕಿ ನಟ್ ಬಿಗಿದರು.

ಹೇರನ್ನೂ ಒಂದೇ ಸಲಕ್ಕೆ ಹಾಕಲಿಲ್ಲ. ಮಾರನೇ ದಿನ ನಾಲ್ಕು ಮೂಟೆ. ಟ್ಯಾಂಕಿನ ಏರಿನಲ್ಲಿ ಅರ್ಧ ದಾರಿಗೆ ಒಂದು ಹಲಸಿನ ಮರ ಇದೆ, ಅಲ್ಲಿ ಒಂಚೂರು ಸಮ. ಅಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ಹಿಂದೆ ಕೂತಿದ್ದ ಆಳುಗಳು ಇಳಿದು ಎಲೆ ಅಡಿಕೆ ತೆಗೆದರು. ನಾನು ಕೆಳಗೆ ತೂರಿ ಅಂಗೈ ಇಟ್ಟೆ. ಏಳು ಎಣಿಸಿದೆ. ಡೈರಿಯಲ್ಲಿ ಬರೆದುಕೊಂಡು, ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ ಅಂತ ಅವರಿಗೆ ಹೇಳಿ, ನಾನೂ ಬೇರಿನ ಮೇಲೆ ಕೂತೆ.